ನಿಂತ ಇಂಜಿನು ಮತ್ತು ನೀರು

ಇಂಜಿನಿನ ಯೋಗಕ್ಷೇಮದ ಮಾತು ಬಂದಾಗ ಜನರು ಡೀಸೆಲಿನ ಗುಣವನ್ನು ವಿಚಾರಿಸುತ್ತಾರೆ. ಆಯಿಲ್ ಬದಲಿಸಿ ಎಷ್ಟು ದಿನವಾಯಿತೆಂದು ಕೇಳುತ್ತಾರೆ. ಗಾಳಿ ಸೋಸುವ ಡಬ್ಬಿಯನ್ನು ಬಿಚ್ಚಿ ನೋಡುತ್ತಾರೆ. ಹೊಗೆ ಹೊರಗೆ ಹೋಗುವ ಕೊಳವೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಕೆಲಸ ಮುಗಿದ ಮೇಲಿನ ದಾರಿ, ಬೇಡವಾದುದು ಅಲ್ಲಿಂದ ಹೊರಟುಹೋಗುತ್ತದೆ, ಅಲ್ಲಿಗೆ ನಮ್ಮ ಸಂಬಂಧ ತೀರಿತು ಎಂಬ ಭಾವನೆ. ಆದರೆ ಇಂಜಿನು ಓಡುವಾಗ ಹೊಗೆ ಹೊರಗೆ ಹೋಗುವ ದಾರಿಯೇ ಇಂಜಿನು ನಿಂತ ಮೇಲೆ ನೀರು ಒಳಗೆ ಬರುವ ದಾರಿಯೂ ಆಗಿರುತ್ತದೆ. ನಮ್ಮ ಮಾಂಜ್ರಾ ದಂಡೆಯ ಪಂಪಿನ ಇಂಜಿನಿಗೂ ಅರಬ್ಬೀ ಸಮುದ್ರದಲ್ಲಿ ಮೀನು ಹಿಡಿಯುವ ಬೋಟಿನ ಇಂಜಿನಿಗೂ ಈ ವಿಷಯದಲ್ಲಿ ಭೇದವಿಲ್ಲ.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಇಂಜಿನಿನ ಗೊಡವೆ ಏಕೆಂದು ಮಿತ್ರರು ಕೇಳಿಯಾರು. ಬೀದರದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಾಕಾ ಒಂದು ತಗಡಿನ ಶೆಡ್ಡಿನೊಳಗೆ ಇಂಜಿನುಗಳ ರಿಪೇರಿ ಮಾಡುತ್ತಾರೆ. ಇಲ್ಲಿಗೆ ಬರುವ ಮೊದಲು ಅವರು ಹನ್ನೊಂದು ವರ್ಷ ಮಲ್ಪೆಯ ಬಂದರದಲ್ಲಿ ಬೋಟಿನ ಇಂಜಿನುಗಳ ಕೆಲಸದಲ್ಲಿದ್ದರು. ರಜೆಯ ದಿನಗಳಲ್ಲಿ ಅವರ ಕೈಗೆ ಪಾನಾ ಕೊಡುತ್ತ ನಿಂತಾಗ ನಾನು ಕಂಡುದನ್ನೂ ಕೇಳಿದುದನ್ನೂ, ಆಮೇಲೆ ಪುಸ್ತಕಗಳಲ್ಲಿ ತಾಳೆ ನೋಡಿಕೊಂಡುದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಕುಳಿತು ಬೋಟಿನ ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಕಾಕಾ ಅವರಿಗೆ ಹಾಗೆ ತೋರಿದ್ದಿಲ್ಲ. ಅವರ ಬಾಯಿಯಲ್ಲಿ ಪದೇ ಪದೇ ಬರುವ ಮಾತು ಇದು: “ತಮ್ಮಾ, ಓಡೋ ಇಂಜಿನಿಗಿ ನೀರ ಏನೂ ಮಾಡಲ್ಲ. ನಿಂತಿದ್ದಕ್ಕೇ ಬರ್ತದ ಅದು.”

ಈ ಮಾತು ಅರ್ಥವಾಗಬೇಕಾದರೆ ಡೀಸೆಲ್ ಇಂಜಿನಿನ ಒಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ತಿಳಿಯಬೇಕು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರನು 1897ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಓಡಿಸಿ ತೋರಿಸಿದ ಯಂತ್ರದ ತತ್ವ ಇಂದಿಗೂ ಬದಲಾಗಿಲ್ಲ. ಸಿಲಿಂಡರೆಂಬ ಕಬ್ಬಿಣದ ನಳಿಕೆಯಲ್ಲಿ ಪಿಸ್ಟನ್ನು ಕೆಳಗಿಳಿದಾಗ ಗಾಳಿ ಒಳಗೆ ಬರುತ್ತದೆ. ಪಿಸ್ಟನ್ನು ಮೇಲೇರಿದಾಗ ಆ ಗಾಳಿ ಹದಿನಾರು ಹದಿನೇಳು ಪಟ್ಟು ಒತ್ತಿಹೋಗಿ ಕೆಂಡದಂತೆ ಕಾಯುತ್ತದೆ. ಆಗ ಸಿಡಿಸಿದ ಡೀಸೆಲು ತಾನಾಗಿ ಹೊತ್ತಿ ಪಿಸ್ಟನ್ನನ್ನು ಕೆಳಗೆ ನೂಕುತ್ತದೆ. ನಾಲ್ಕನೆಯ ಸಲ ಪಿಸ್ಟನ್ನು ಮೇಲೇರುವಾಗ ಹೊಗೆಯ ವಾಲ್ವು ತೆರೆದು, ಸುಟ್ಟ ಗಾಳಿಯೆಲ್ಲವೂ ಕೊಳವೆಯ ಮೂಲಕ ಹೊರಬೀಳುತ್ತದೆ. ಹೊರೆ ಹೊತ್ತು ಓಡುವ ಇಂಜಿನಿನ ಹೊಗೆಯ ಕಾವು ನಾನೂರು ಐನೂರು ಡಿಗ್ರಿ ಸೆಂಟಿಗ್ರೇಡಿನವರೆಗೂ ಏರುವುದುಂಟು. ಇಂಥ ಉರಿಗಾಳಿ ಹೊರಗೆ ನುಗ್ಗುತ್ತಿರುವಾಗ ಕೊಳವೆಯ ಬಾಯಿಗೆ ಬಿದ್ದ ಮಳೆಹನಿ ಆವಿಯಾಗಿ ಹಾರಿಹೋಗುತ್ತದೆಯೇ ಹೊರತು ಕೆಳಗಿಳಿಯಲಾರದು. ಇಂಜಿನು ನಿಂತು ತಣ್ಣಗಾಯಿತೆಂದರೆ ಆ ಕೊಳವೆ ಆಕಾಶಕ್ಕೆ ಬಾಯಿ ತೆರೆದು ನಿಂತ ಬರಿಯ ನಳಿಕೆ. ಅದರ ಕೆಳತುದಿ ನೇರವಾಗಿ ಇಂಜಿನಿನ ಹೃದಯಕ್ಕೆ ಸೇರಿದೆ.

ಹೀಗೆ ಒಳಗೆ ಬರುವ ನೀರು ಎಷ್ಟಿರಬೇಕು? ಕೊಡಗಟ್ಟಲೆ ಬೇಕೆಂದು ನಾನು ತಿಳಿದಿದ್ದೆ. ಒಂದು ದಿನ ಶೆಡ್ಡಿನಲ್ಲಿ ಬಿಚ್ಚಿಟ್ಟಿದ್ದ ಐದು ಅಶ್ವಶಕ್ತಿಯ ಒಂದೇ ಸಿಲಿಂಡರಿನ ಪಂಪಿನ ಇಂಜಿನನ್ನು ಅಳೆದು ಲೆಕ್ಕ ಹಾಕಿದೆ. ಸಿಲಿಂಡರಿನ ಅಡ್ಡಳತೆ 80 ಮಿಲಿಮೀಟರು, ಪಿಸ್ಟನ್ನಿನ ಓಟ 110 ಮಿಲಿಮೀಟರು. ಅಂದರೆ ಪಿಸ್ಟನ್ನು ಒಂದು ಸಲ ಮೇಲೇರುವಾಗ ತಳ್ಳುವ ಗಾಳಿ ಸುಮಾರು 553 ಘನ ಸೆಂಟಿಮೀಟರು. ಇಷ್ಟೂ ಗಾಳಿ ಒತ್ತಿಹೋಗಿ ಕೊನೆಗೆ ಉಳಿಯುವ ಜಾಗ, ಹದಿನಾರೂವರೆ ಪಟ್ಟಿನ ಒತ್ತಡವೆಂದು ಹಿಡಿದರೆ, ಕೇವಲ 36 ಘನ ಸೆಂಟಿಮೀಟರು. ಊಟದ ದೊಡ್ಡ ಚಮಚದಲ್ಲಿ ಎರಡೂವರೆ ಚಮಚ ನೀರು ಹಿಡಿಯುವಷ್ಟು ಜಾಗ! ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಅದಕ್ಕಿಂತ ಹೆಚ್ಚು ನೀರು ಸಿಲಿಂಡರಿನೊಳಗಿದ್ದರೆ ವಾಲ್ವುಗಳು ಮುಚ್ಚಿದಾಗ ಪಿಸ್ಟನ್ನು ತುದಿಯನ್ನು ಮುಟ್ಟಲಾರದು. ಬಲವಂತದಿಂದ ಮುಟ್ಟಿಸಹೋದರೆ ಏನಾದರೊಂದು ಬಾಗಲೇಬೇಕು. ಸಾಮಾನ್ಯವಾಗಿ ಬಾಗುವುದು ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡು.

ಇನ್ನು ಕೊಳವೆಯ ಲೆಕ್ಕ. ಒಂದೂವರೆ ಅಂಗುಲದ ಕೊಳವೆಯ ಬಾಯಿ ಹನ್ನೊಂದು ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು. ರಾತ್ರಿ ಐದು ಸೆಂಟಿಮೀಟರು ಮಳೆ ಬಿದ್ದರೆ ಆ ಬಾಯಿಯೊಳಗೆ ಇಳಿಯುವ ನೀರು 57 ಘನ ಸೆಂಟಿಮೀಟರು. ಬೀದರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 85 ಸೆಂಟಿಮೀಟರು; ಆದರೆ ಶ್ರಾವಣದ ಒಂದು ಜೋರು ಮಳೆ ಒಂದೇ ರಾತ್ರಿಯಲ್ಲಿ ಇಂಜಿನನ್ನು ಕೆಡಿಸಲು ಸಾಕು. ಉಡುಪಿಯ ಕಡೆಗಂತೂ ನಮ್ಮ ಮಳೆಯ ನಾಲ್ಕು ಪಟ್ಟಿಗೂ ಮೀರಿ ಬೀಳುತ್ತದೆ.

ಬಿದ್ದ ನೀರೆಲ್ಲವೂ ಸಿಲಿಂಡರಿಗೆ ಸೇರುತ್ತದೆಯೆಂದಲ್ಲ. ಸ್ವಲ್ಪ ಸೈಲೆನ್ಸರಿನ ಹೊಟ್ಟೆಯಲ್ಲಿ ನಿಲ್ಲುತ್ತದೆ. ಉಳಿದದ್ದು ವಾಲ್ವಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಆ ಬಾಗಿಲು ತೆರೆದಿತ್ತೋ ಮುಚ್ಚಿತ್ತೋ ಎಂಬುದರ ಮೇಲೆ ಇಂಜಿನಿನ ಹಣೆಬರಹ ನಿಂತಿದೆ. ನಾಲ್ಕು ಓಟಗಳ ಅವಧಿಯಲ್ಲಿ ಹೊಗೆಯ ವಾಲ್ವು ಸುಮಾರು ಮೂರನೆಯ ಒಂದು ಪಾಲು ತೆರೆದಿರುತ್ತದೆ. ಇಂಜಿನನ್ನು ನಿಲ್ಲಿಸಿ ಮನೆಗೆ ಬಂದವನಿಗೆ ಅದು ಎಲ್ಲಿ ನಿಂತಿತೆಂಬುದು ಹೊರಗಿನಿಂದ ಕಾಣುವುದಿಲ್ಲ. ಒಂದು ವೇಳೆ ಮುಚ್ಚಿಯೇ ಇದ್ದರೂ ವಾಲ್ವಿನ ಕಂಬಿಗೆ ತುಕ್ಕು ಹತ್ತಿ ಅದು ತನ್ನ ಗೂಡಿನಲ್ಲಿ ಹಿಡಿದುಕೊಳ್ಳುತ್ತದೆ. ಆದುದರಿಂದ ಅದನ್ನು ಪೂರ್ತಿ ಸುದೈವವೆನ್ನಲಾಗದು.

ಈ ವಿಷಯ ನನ್ನ ಮನಸ್ಸಿಗೆ ಹತ್ತಿದ್ದು ಲೆಕ್ಕದಿಂದಲ್ಲ. ಭಾಲ್ಕಿ ತಾಲೂಕಿನಲ್ಲಿ ಮಾಂಜ್ರಾ ಹೊಳೆಗೆ ಸಮೀಪದ ನಮ್ಮೂರಿನಲ್ಲಿ ನಮ್ಮ ತಂದೆಯವರೂ ನೆರೆಹೊಲದ ಇಬ್ಬರೂ ಕೂಡಿ ಅಂಥದೇ ಒಂದು ಇಂಜಿನನ್ನು ಪಾಲಿನಲ್ಲಿ ಇಟ್ಟುಕೊಂಡಿದ್ದರು. ಕರೆಂಟಿನ ತಂತಿ ಬಾರದ ಹೊಳೆದಂಡೆಯಲ್ಲಿ ಡೀಸೆಲ್ ಇಂಜಿನು ಬಿಟ್ಟರೆ ಗತಿಯಿಲ್ಲ. ಅದನ್ನು ನಡೆಸಲು ಒಬ್ಬ ಆಳಿದ್ದನು. ಒಂದು ವರ್ಷ ಮಳೆಗಾಲ ಕಳೆದು, ಹಿಂಗಾರಿ ಕಡಲೆಗೆ ನೀರು ಬಿಡಬೇಕೆಂದು ಇಂಜಿನಿಗೆ ಹ್ಯಾಂಡಲ್ ಹಾಕಿದಾಗ ಅದು ಮೊದಲು ಬಿಗಿಯಿತು. ಇಬ್ಬರು ಕೂಡಿ ಜೋರಿನಿಂದ ತಿರುವಿ ಮೇಲಿನ ಲಿವರ್ ಬಿಟ್ಟೊಡನೆ ಒಳಗೆ ಸುತ್ತಿಗೆಯಿಂದ ಹೊಡೆದಂಥ ಸದ್ದಾಗಿ ನಿಂತುಬಿಟ್ಟಿತು. ಪಟ್ಟಣದಿಂದ ಕರೆಸಿದ ಮೇಸ್ತ್ರಿಯೊಬ್ಬನು ಮುಚ್ಚಳವನ್ನೂ ತೆಗೆಯದೆ, ಆಯಿಲ್ ಇಲ್ಲದೆ ಓಡಿಸಿ ಇಂಜಿನು ಹಿಡಿದಿದೆಯೆಂದು ತೀರ್ಪು ಕೊಟ್ಟನು. ಆಯಿಲಿನ ದುಡ್ಡು ಆಳಿನ ಜೇಬಿಗೆ ಹೋಯಿತೆಂದು ಉಳಿದವರು ಅರ್ಥ ಮಾಡಿಕೊಂಡರು. ಅವನು ಬೇಡಿಕೊಂಡರೂ ಕೇಳದೆ ಎರಡು ತಿಂಗಳ ಕೂಲಿಯನ್ನು ಹಿಡಿದರು.

ಇಂಜಿನು ಟೆಂಪೋದಲ್ಲಿ ಕೊಳಾರಕ್ಕೆ ಬಂದಾಗ ಕಾಕಾ ಮೊದಲು ಕೆಳಗಿನ ಬೋಲ್ಟು ಬಿಚ್ಚಿ ಆಯಿಲನ್ನು ಬೋಗುಣಿಗೆ ಇಳಿಸಿದರು. ಆಯಿಲಿಗೆ ಕೊರತೆಯಿರಲಿಲ್ಲ, ಇರಬೇಕಾದ್ದಕ್ಕಿಂತ ಹೆಚ್ಚೇ ಇದ್ದಿತು, ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗಿದ್ದಿತು. ನೀರು ಬೆರೆತ ಆಯಿಲಿನ ಗುರುತೇ ಅದು. ತಲೆ ಬಿಚ್ಚಿದಾಗ ಸಿಲಿಂಡರಿನ ಗೋಡೆಗೆ ನೀರು ನಿಂತಷ್ಟು ಎತ್ತರಕ್ಕೆ ಬಳೆಯಂತೆ ತುಕ್ಕಿನ ಗೆರೆ. ಹೊಗೆಯ ದಾರಿಯಲ್ಲಿ ಕೆಂಪು ಹಕ್ಕಳೆ. ರಾಡು ಬಾಗಿದ್ದಿತು. ಆಯಿಲಿಲ್ಲದೆ ಓಡಿದ ಇಂಜಿನಾಗಿದ್ದರೆ ಬೇರಿಂಗು ಸುಟ್ಟು ಕಪ್ಪಾಗಬೇಕು, ಪಿಸ್ಟನ್ನಿನ ಮೈಮೇಲೆ ಗೀರು ಬೀಳಬೇಕು. ಅವೆರಡೂ ಹೊಸದರಂತಿದ್ದವು. ಕೊಳವೆಯ ಮೇಲೆ ಬೋರಲು ಹಾಕುತ್ತಿದ್ದ ಡಾಲ್ಡಾ ಡಬ್ಬಿಯನ್ನು ಯಾರೋ ನೀರು ಕುಡಿಯಲು ಒಯ್ದು ದಂಡೆಯ ಮೇಲೆಯೇ ಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಹಿಡಿದ ಕೂಲಿಯನ್ನು ತಂದೆಯವರು ದೀಪಾವಳಿಯ ಹೊತ್ತಿಗೆ ಅವನ ಮನೆಗೆ ಮುಟ್ಟಿಸಿದರು. ಆ ಆಳು ಮಾತ್ರ ಮತ್ತೆ ನಮ್ಮ ಹೊಲದ ಕಡೆಗೆ ಬರಲಿಲ್ಲ. ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದನೆಂದು ಕೇಳಿದೆವು. ಬಿಚ್ಚಿ ನೋಡದೆ ಕಾರಣ ಹೇಳುವವರನ್ನು ಕಂಡರೆ ಅಂದಿನಿಂದ ನನಗೆ ತಾತ್ಸಾರ. ಇಂಜಿನಿನ ಒಳಗೆ ಸಾಕ್ಷಿ ಯಾವಾಗಲೂ ಬರೆದಿಟ್ಟಿರುತ್ತದೆ, ಓದುವ ತಾಳ್ಮೆ ಬೇಕು.

ಹಾಗಾದರೆ ಮಾಡಬೇಕಾದುದೇನು? ಬೋರಲು ಡಬ್ಬಿ ಒಳ್ಳೆಯ ಉಪಾಯವೇ. ಅದನ್ನು ತೆಗೆಯಲು ಮರೆತು ಇಂಜಿನು ಚಾಲೂ ಮಾಡಿದರೂ ಹೊಗೆಯ ಹೊಡೆತಕ್ಕೆ ಹಾರಿಬೀಳುತ್ತದೆ, ಅಪಾಯವಿಲ್ಲ. ಗಾಳಿಗೆ ಬೀಳದಂತೆ ದಾರದಿಂದ ಕಟ್ಟಿಟ್ಟರೆ ಯಾರೂ ಒಯ್ಯುವುದೂ ಇಲ್ಲ. ಕೆಲವರು ಕೊಳವೆಯ ಬಾಯಿಗೆ ಹಳೆಯ ಬಟ್ಟೆಯನ್ನು ತುರುಕುತ್ತಾರೆ. ಇದು ಡಬ್ಬಿಗಿಂತ ಕೆಟ್ಟದ್ದು. ಬಟ್ಟೆ ನೀರನ್ನು ಕುಡಿದು ನಿಧಾನವಾಗಿ ಒಳಗೇ ಬಿಡುತ್ತದೆ. ಟ್ರ್ಯಾಕ್ಟರಿನ ಕೊಳವೆಯ ಮೇಲೆ ಟಪಟಪನೆ ಬಡಿದುಕೊಳ್ಳುವ ಕೀಲಿನ ಮುಚ್ಚಳವನ್ನು ಎಲ್ಲರೂ ನೋಡಿದ್ದಾರೆ. ಓಡುವಾಗ ಹೊಗೆ ಅದನ್ನು ಎತ್ತುತ್ತದೆ, ನಿಂತಾಗ ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಮರೆಯುವ ಮನುಷ್ಯನಿಗೆ ಅದೇ ಉತ್ತಮ. ಎಲ್ಲಕ್ಕಿಂತ ಅಗ್ಗವಾದುದೆಂದರೆ ಕೊಳವೆಯ ತುದಿಗೆ ಒಂದು ಬಾಗು ಕೂಡಿಸಿ ಬಾಯಿಯನ್ನು ಪಕ್ಕಕ್ಕೆ, ಗಾಳಿ ಬೀಸುವ ದಿಕ್ಕಿಗೆ ಬೆನ್ನಾಗಿ ತಿರುಗಿಸುವುದು. ನಮ್ಮ ಕಡೆ ಮುಂಗಾರು ಪಡುವಣದಿಂದ ಬರುವುದರಿಂದ ಬಾಯಿ ಮೂಡಣಕ್ಕಿರಬೇಕು.

ಎರಡನೆಯದು, ನಿಲ್ಲಿಸುವ ರೀತಿ. ಒಂದೇ ಸಿಲಿಂಡರಿನ ಇಂಜಿನನ್ನು ಬಹುದಿನಕ್ಕೆ ನಿಲ್ಲಿಸುವಾಗ ಗಾಲಿಯನ್ನು ಕೈಯಿಂದ ಮೆಲ್ಲನೆ ತಿರುವುತ್ತ ಹೋದರೆ ಒಂದು ಕಡೆ ಅದು ಬಿಗಿದು ಎದುರೊತ್ತುತ್ತದೆ. ಗಾಳಿ ಒತ್ತಿಹೋಗುವ ಓಟ ಅದು; ಆಗ ಎರಡು ವಾಲ್ವುಗಳೂ ಮುಚ್ಚಿರುತ್ತವೆ. ಅಲ್ಲಿಯೇ ಬಿಟ್ಟುಬಂದರೆ ಕೊಳವೆಯಲ್ಲಿ ನೀರಿಳಿದರೂ ಸಿಲಿಂಡರಿನ ಬಾಗಿಲು ಹಾಕಿದೆ. ಇದಕ್ಕೆ ಕಾಸು ಖರ್ಚಿಲ್ಲ, ಅರ್ಧ ನಿಮಿಷ ಸಾಕು.

ಮಳೆಯೊಂದೇ ನೀರಿನ ಮೂಲವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಡೀಸೆಲಿನಲ್ಲಿ ಜಲಜನಕವಿದೆ, ಅದು ಸುಟ್ಟಾಗ ನೀರಾಗುತ್ತದೆ. ಒಂದು ಲೀಟರು ಡೀಸೆಲು ಸುಟ್ಟರೆ ಸುಮಾರು ಒಂದು ಲೀಟರು ನೀರು ಆವಿಯಾಗಿ ಹೊಗೆಯೊಡನೆ ಹೋಗುತ್ತದೆಂದರೆ ನಮ್ಮ ವಸತಿಗೃಹದ ಮಿತ್ರರು ನಂಬಲಿಲ್ಲ. ರಸಾಯನಶಾಸ್ತ್ರ ಬಲ್ಲವರೊಬ್ಬರು ಲೆಕ್ಕ ಮಾಡಿ ತೋರಿಸಿದ ಮೇಲೆ ಸುಮ್ಮನಾದರು. ಇಂಜಿನು ಚೆನ್ನಾಗಿ ಕಾಯ್ದರೆ ಈ ಆವಿ ಹೊರಬೀಳುತ್ತದೆ. ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ತಣ್ಣಗಿನ ಸೈಲೆನ್ಸರಿನೊಳಗೆ ನೀರಾಗಿ ಇಳಿದು ಅಲ್ಲಿಯೇ ಉಳಿಯುತ್ತದೆ. ಹಿಂದೆ ಡೀಸೆಲಿನ ಗಂಧಕದೊಡನೆ ಅದು ಬೆರೆತು ಆಮ್ಲವೂ ಆಗುತ್ತಿದ್ದಿತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಡೀಸೆಲಿನಲ್ಲಿ ಗಂಧಕವನ್ನು ಹತ್ತು ಲಕ್ಷಕ್ಕೆ ಹತ್ತು ಪಾಲಿಗೆ ಇಳಿಸಿರುವುದರಿಂದ ಆ ಕಾಟ ಬಹುಮಟ್ಟಿಗೆ ತಗ್ಗಿದೆ. ನೀರಿನ ಕಾಟ ತಗ್ಗಿಲ್ಲ. ಸೈಲೆನ್ಸರಿನ ಅತಿ ತಗ್ಗಿನ ಜಾಗದಲ್ಲಿ ಗೋದಿಕಾಳಿನಷ್ಟು ರಂಧ್ರ ಕೊರೆದರೆ ನಿಂತ ನೀರು ತೊಟ್ಟಿಕ್ಕಿ ಹೋಗುತ್ತದೆ. ಆ ರಂಧ್ರ ಮಸಿಯಿಂದ ಮುಚ್ಚದಂತೆ ತಿಂಗಳಿಗೊಮ್ಮೆ ತಂತಿ ಆಡಿಸಬೇಕು.

ಬೋಟಿನ ಇಂಜಿನಿನಲ್ಲಿ ಇದೇ ಕಥೆ ಇನ್ನೂ ಕಠಿಣವಾಗುತ್ತದೆ. ನಮ್ಮ ಪಡುವಣ ಕರಾವಳಿಗೆ ಮೀನುಗಾರಿಕೆಯ ಯಂತ್ರದೋಣಿಗಳು ಹೆಚ್ಚಾಗಿ ಬರತೊಡಗಿದ್ದು ಸ್ವಾತಂತ್ರ್ಯಾನಂತರ. 1952ರಲ್ಲಿ ಭಾರತ, ನಾರ್ವೆ, ವಿಶ್ವಸಂಸ್ಥೆಗಳು ಮಾಡಿಕೊಂಡ ಒಪ್ಪಂದದ ಪ್ರಕಾರ ಇಂದಿನ ಕೇರಳದ ಕೊಲ್ಲಂ ಹತ್ತಿರ ಪ್ರಾರಂಭವಾದ ಯೋಜನೆ 1960ರ ದಶಕದಲ್ಲಿ ಕಾರವಾರದವರೆಗೂ ಹಬ್ಬಿತು. ಬೋಟಿನೊಳಗೆ ಮನುಷ್ಯರು ಮಲಗುತ್ತಾರೆ, ಮರದ ಹಲಗೆಗಳಿವೆ, ಡೀಸೆಲಿನ ಟಾಕಿ ಇದೆ. ಅಲ್ಲಿ ಐನೂರು ಡಿಗ್ರಿಯ ಕೊಳವೆಯನ್ನು ಹಾಯಿಸುವುದು ಹೇಗೆ? ಕೆಲವು ಬೋಟುಗಳಲ್ಲಿ ಕೊಳವೆಗೆ ಕಾವು ತಡೆಯುವ ಹೊದಿಕೆ ಸುತ್ತಿ ನೇರವಾಗಿ ಮೇಲಕ್ಕೆ ಒಯ್ಯುತ್ತಾರೆ. ಅದರ ಕಷ್ಟ ನಮ್ಮ ಪಂಪಿನ ಇಂಜಿನಿನದೇ. ಬೇರೆ ಕೆಲವದರಲ್ಲಿ ಸಮುದ್ರದ ನೀರನ್ನೇ ಪಂಪಿನಿಂದ ಎಳೆದು, ಇಂಜಿನನ್ನು ತಂಪು ಮಾಡಿಸಿ, ಕೊನೆಗೆ ಹೊಗೆಯ ಕೊಳವೆಯ ಬಾಗಿನೊಳಗೆ ಸುರಿಯುತ್ತಾರೆ. ಹೊಗೆ ಒಮ್ಮೆಲೇ ತಣ್ಣಗಾಗಿ, ರಬ್ಬರಿನ ಕೊಳವೆಯಲ್ಲಿ ಹಾಯ್ದು, ನೀರಿನೊಡನೆ ಬೋಟಿನ ಹಿಂಭಾಗದಿಂದ ಹೊರಬೀಳುತ್ತದೆ. ಸದ್ದೂ ಕಡಿಮೆ. ನೀರು ಬರಬಾರದ ಕೊಳವೆಗೆ ನೀರನ್ನು ಕೈಯಾರೆ ಬಿಟ್ಟಂತಾಯಿತಲ್ಲವೆ! ಅದನ್ನು ಹೊರಗೆ ನೂಕುವ ಶಕ್ತಿ ಹೊಗೆಯ ಒತ್ತಡವೊಂದೇ.

ಇದರಿಂದ ಮೂರು ಬಗೆಯ ಅಪಾಯಗಳು ಹುಟ್ಟುತ್ತವೆಂದು ಕಾಕಾ ಹೇಳುತ್ತಾರೆ. ಇಂಜಿನು ಹೊತ್ತದೆ ಬರಿದೆ ಸ್ಟಾರ್ಟರು ತಿರುಗಿಸುತ್ತ ಕುಳಿತರೆ ಪಂಪು ನೀರನ್ನು ಎಳೆಯುತ್ತಲೇ ಇರುತ್ತದೆ, ನೂಕುವ ಹೊಗೆ ಮಾತ್ರ ಇಲ್ಲ. ಸೈಲೆನ್ಸರಿನ ಪೆಟ್ಟಿಗೆ ತುಂಬಿ ನೀರು ಹಿಂದಕ್ಕೆ ಇಂಜಿನಿಗೇ ನುಗ್ಗುತ್ತದೆ. ಒಂದೆರಡು ಸಲಕ್ಕೆ ಹೊತ್ತದಿದ್ದರೆ ಸಮುದ್ರದ ನೀರಿನ ನಲ್ಲಿಯನ್ನು ಮುಚ್ಚಿಯೇ ಮುಂದಿನ ಪ್ರಯತ್ನ ಮಾಡಬೇಕು. ಹೊತ್ತಿದ ಕೂಡಲೆ ನೆನಪಿನಿಂದ ತೆರೆಯಬೇಕು. ಎರಡನೆಯದು ಇನ್ನೂ ಗುಪ್ತವಾದುದು. ಡ್ರಮ್ಮಿನೊಳಗಿನ ಡೀಸೆಲನ್ನು ರಬ್ಬರ್ ನಳಿಕೆಯಿಂದ ಒಮ್ಮೆ ಬಾಯಿಯಲ್ಲಿ ಎಳೆದುಬಿಟ್ಟರೆ ಅದು ತಾನಾಗಿ ಕೆಳಗಿನ ಕ್ಯಾನಿಗೆ ಇಳಿಯುತ್ತಿರುವುದನ್ನು ಎಲ್ಲರೂ ಕಂಡಿದ್ದಾರೆ. ಬೋಟಿನ ಇಂಜಿನು ಸಮುದ್ರದ ಮಟ್ಟಕ್ಕಿಂತ ತಗ್ಗಿನಲ್ಲಿರುವುದರಿಂದ, ಇಂಜಿನು ನಿಂತ ಮೇಲೂ ಸಮುದ್ರ ಹೀಗೆಯೇ ಆ ತಂಪಿನ ಕೊಳವೆಯ ಮೂಲಕ ಸದ್ದಿಲ್ಲದೆ ಇಳಿಯುತ್ತ ರಾತ್ರಿಯೆಲ್ಲ ಕಳೆಯಬಹುದು. ಅದಕ್ಕಾಗಿ ಕೊಳವೆಯನ್ನು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಕ್ಕೆ ಬಳಸಿ ತಂದು, ಅದರ ನೆತ್ತಿಯಲ್ಲಿ ಗಾಳಿ ಒಳಬಿಡುವ ಪುಟ್ಟ ವಾಲ್ವನ್ನು ಇಡುತ್ತಾರೆ. ಗಾಳಿ ಹೊಕ್ಕರೆ ಧಾರೆ ಕಡಿಯುತ್ತದೆ. ಈ ವಾಲ್ವಿನಲ್ಲಿ ಉಪ್ಪು ಕಟ್ಟಿಕೊಂಡು ಅದು ಕೆಲಸ ಬಿಟ್ಟಿರುವುದು ಬಹಳ ಸಲ ಯಾರಿಗೂ ತಿಳಿದಿರುವುದಿಲ್ಲ. ಬಿಚ್ಚಿ ಸಿಹಿನೀರಿನಲ್ಲಿ ತೊಳೆಯುವುದಷ್ಟೇ ಅದರ ಚಿಕಿತ್ಸೆ. ಮೂರನೆಯದು, ನಿಂತ ಬೋಟಿನ ಹಿಂದಿನಿಂದ ಬಂದ ತೆರೆ ಕೊಳವೆಯ ಬಾಯಿಯೊಳಗೆ ನುಗ್ಗುವುದು. ಬಾಯಿಗೆ ರಬ್ಬರಿನ ಪಡದೆ ಕಟ್ಟಿ, ಒಳಗೆ ಕೊಳವೆಯನ್ನು ಬಾತುಕೋಳಿಯ ಕತ್ತಿನಂತೆ ಎತ್ತರಿಸಿದರೆ ತೆರೆ ಅದನ್ನು ದಾಟಲಾರದು.

ಬಿಸಿ ಹೊಗೆಯೂ ಉಪ್ಪುನೀರೂ ಕೂಡುವ ಆ ಬಾಗು ಎಲ್ಲಕ್ಕಿಂತ ಮೊದಲು ಕೊಳೆಯುವ ಭಾಗ. ಹೊರಗೆ ನೋಡಿದರೆ ಗಟ್ಟಿ. ಒಳಗೆ ಮಸಿಯೂ ತುಕ್ಕೂ ಸೇರಿ ದಾರಿ ಅರ್ಧ ಕಟ್ಟಿರುತ್ತದೆ, ಇಲ್ಲವೆ ಗೋಡೆ ಕಾಗದದಷ್ಟು ತೆಳುವಾಗಿರುತ್ತದೆ. ಒಳಗೋಡೆ ತೂತಾದರೆ ನೀರು ಮುಂದಕ್ಕೆ ಹೋಗುವ ಬದಲು ವಾಲ್ವಿನ ಕಡೆಗೆ ತಿರುಗುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ ಸದ್ದು ಕೇಳುವುದು ಕಾಕಾ ಅವರ ಪದ್ಧತಿ. ಸದ್ದನ್ನು ಪೂರ್ತಿ ನಂಬದೆ ವರ್ಷಕ್ಕೊಮ್ಮೆ ಬಿಚ್ಚಿಯೂ ನೋಡುತ್ತಿದ್ದರಂತೆ.

ಈ ಬಿಚ್ಚುವ ಕೆಲಸಕ್ಕೆ ಕರಾವಳಿಯಲ್ಲಿ ತಕ್ಕ ಕಾಲವೂ ಇದೆ. ಮೀನು ಮರಿ ಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಾಜ್ಯದಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೋಟುಗಳೆಲ್ಲವೂ ಬಂದರದಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ವರ್ಷದ ಅತಿ ಜೋರು ಮಳೆ ಬೀಳುವುದೂ ಅದೇ 61 ದಿನಗಳಲ್ಲಿ. ನಮ್ಮ ಹೊಳೆದಂಡೆಯ ಇಂಜಿನಿನ ರಜೆಯೂ ಜೂನಿನಿಂದ ಸೆಪ್ಟೆಂಬರದವರೆಗೆ. ನೀರು ಹೇರಳವಾಗಿ ಬಿದ್ದಾಗ ನೀರೆತ್ತುವ ಯಂತ್ರಕ್ಕೆ ಕೆಲಸವಿಲ್ಲ ತಾನೆ? ಹೀಗೆ ಎರಡು ಕಡೆಯ ಇಂಜಿನುಗಳೂ ನಿಲ್ಲಬಾರದ ಋತುವಿನಲ್ಲಿಯೇ ನಿಲ್ಲುತ್ತವೆ. ಬೋಟಿನವರಿಗೆ ಇನ್ನೊಂದು ತೊಡಕುಂಟು. ನಾಲ್ಕು ಅಥವಾ ಆರು ಸಿಲಿಂಡರುಗಳ ಇಂಜಿನನ್ನು ಹೇಗೆ ತಿರುವಿ ನಿಲ್ಲಿಸಿದರೂ ಯಾವುದಾದರೊಂದು ಸಿಲಿಂಡರಿನ ಹೊಗೆಯ ವಾಲ್ವು ತೆರೆದೇ ಇರುತ್ತದೆ. ವಾಲ್ವು ಮುಚ್ಚಿ ನಿಲ್ಲಿಸುವ ನಮ್ಮ ಉಪಾಯ ಅಲ್ಲಿ ನಡೆಯದು. ಕೊಳವೆಯ ಬಾಯಿಯನ್ನು ಮುಚ್ಚುವುದು, ಸೈಲೆನ್ಸರಿನ ನೀರನ್ನು ಬಸಿದು ಬಿಡುವುದು, ಸಮುದ್ರದ ನಲ್ಲಿಯನ್ನು ಕಟ್ಟುವುದು, ಇವಿಷ್ಟೇ ರಕ್ಷೆ. ಬಾಯಿ ಮುಚ್ಚಿದ ಮೇಲೆ ಚಾಲೂ ಮಾಡುವ ಕೀಲಿಯ ಹತ್ತಿರ ಒಂದು ಕೆಂಪು ಬಟ್ಟೆ ಕಟ್ಟಿಡುವುದು ಮಲ್ಪೆಯಲ್ಲಿ ಕಾಕಾ ಅವರ ರೂಢಿಯಾಗಿದ್ದಿತಂತೆ.

ಇಷ್ಟೆಲ್ಲ ಮಾಡಿಯೂ ನೀರು ಹೊಕ್ಕರೆ? ಹ್ಯಾಂಡಲ್ ಬಿಗಿದ ಕೂಡಲೆ ಕೈಯನ್ನು ತೆಗೆಯಬೇಕು, ಬಲ ಹಾಕಬಾರದು. ಡೀಸೆಲು ಸಿಡಿಸುವ ಇಂಜೆಕ್ಟರನ್ನು ಬಿಚ್ಚಿ ತೆಗೆದು ಗಾಲಿಯನ್ನು ಕೈಯಿಂದ ಮೆಲ್ಲನೆ ತಿರುವಿದರೆ ನೀರು ಆ ರಂಧ್ರದಿಂದಲೇ ಚಿಮ್ಮಿ ಹೊರಬರುತ್ತದೆ. ಮುಖವನ್ನು ದೂರ ಇಟ್ಟುಕೊಳ್ಳಬೇಕು. ಬರುವುದು ನಿಂತ ಮೇಲೆ ಅದೇ ರಂಧ್ರದಿಂದ ಸ್ವಲ್ಪ ಡೀಸೆಲು, ಸ್ವಲ್ಪ ಆಯಿಲ್ ಹಾಕಿ ಮತ್ತೆ ನಾಲ್ಕಾರು ಸುತ್ತು ತಿರುವಬೇಕು. ಕೆಳಗಿನ ಆಯಿಲನ್ನು ಪೂರ್ತಿ ಬಸಿದು ಹೊಸದನ್ನು ಹಾಕಿ, ಕಾಲು ಗಂಟೆ ಓಡಿಸಿ, ಬಿಸಿಯಿರುವಾಗಲೇ ಅದನ್ನೂ ಬಸಿದು ಮತ್ತೊಮ್ಮೆ ಬದಲಿಸಬೇಕು. ಆಗಲೂ ಚಹದ ಬಣ್ಣ ಕಂಡರೆ ಮೂರನೆಯ ಸಲ. ಆಯಿಲಿನ ಖರ್ಚಿಗೆ ಇಲ್ಲಿ ಕೈ ಹಿಡಿಯುವವರು ಆಮೇಲೆ ಬೇರಿಂಗಿಗೆ ಕೊಡುತ್ತಾರೆ. ಮಳೆಯ ನೀರಾದರೆ ಒಂದೆರಡು ದಿನ ತಡವಾದರೂ ನಡೆದೀತು. ಸಮುದ್ರದ ನೀರಾದರೆ ಈ ಕೆಲಸ ಅದೇ ದಿನ ಆಗಬೇಕು. ಮರುದಿನಕ್ಕೆ ಪಿಸ್ಟನ್ನಿನ ರಿಂಗುಗಳು ಉಪ್ಪಿನಲ್ಲಿ ಹಿಡಿದುಕೊಳ್ಳತೊಡಗಿರುತ್ತವೆ.